ಗೋಡೆಗೆ ಒಪ್ಪುವ ಬಣ್ಣ

ಗೋಡೆಯ ಮೇಲೆ ಚಿತ್ರ ಬರೆಯುವುದು ನನ್ನ ಕಸುಬು. ಶಾಲೆಯ ಗ್ರಂಥಾಲಯ, ಅಂಗನವಾಡಿ, ಮಕ್ಕಳ ಡಾಕ್ಟರ ಕ್ಲಿನಿಕ್ಕು, ಯಾರದೋ ಮನೆಯ ಊಟದ ಕೋಣೆ, ಹೀಗೆ ಕರೆದಲ್ಲಿಗೆ ಹೋಗುತ್ತೇನೆ. ಕರೆದವರು ಮೊದಲು ಕೇಳುವುದು, "ಏನು ಬರೀತೀರಿ?" ಅಂತ. ಪೇಂಟ್ ಅಂಗಡಿಯವರ ಪ್ರಶ್ನೆ ಬೇರೆ: "ಆಯಿಲ್ಲಾ ಸರ್, ಎಮಲ್ಷನ್ನಾ?" ನನಗೆ ಈ ಎರಡನೆಯ ಪ್ರಶ್ನೆಯೇ ದೊಡ್ಡದು. ಏನು ಬರೆಯಬೇಕೆನ್ನುವುದು ಬರೆಯುತ್ತ ಬರೆಯುತ್ತಲೇ ಬದಲಾಗಬಹುದು. ನವಿಲು ಇರಬೇಕಾದಲ್ಲಿ ಮಂಗಟ್ಟೆ ಹಕ್ಕಿ ಬಂದು ಕೂರಬಹುದು. ಯಾವ ಬಣ್ಣ ಎನ್ನುವುದು ಹಾಗಲ್ಲ. ಒಮ್ಮೆ ಗೋಡೆಗೆ ಹತ್ತಿದ ಮೇಲೆ ಅದರ ಒಳಿತು ಕೆಡುಕನ್ನು ಆ ಕೋಣೆಯಲ್ಲಿ ದಿನವೂ ಕೂರುವವರು ವರ್ಷಗಟ್ಟಲೆ ಅನುಭವಿಸುತ್ತಾರೆ.

ಆಯಿಲ್ ಪೇಂಟ್ ಅಂದರೆ ನಮ್ಮಲ್ಲಿ ಬಾಗಿಲು ಕಿಟಕಿಗೆ, ಕಬ್ಬಿಣದ ಗೇಟಿಗೆ ಹೊಡೆಯುವ ಎನಾಮಲ್. ಟರ್ಪಂಟೈನ್ ಹಾಕಿ ತೆಳ್ಳಗೆ ಮಾಡುವ ಬಣ್ಣ. ಎಮಲ್ಷನ್ ನೀರು ಬೆರೆಸುವ ಬಣ್ಣ. ಅಮೆರಿಕದವರು ಲೇಟೆಕ್ಸ್ ಅನ್ನುವುದೂ ಇದನ್ನೇ. ಅಲ್ಲಿ ಇದು 1948ರ ಸುಮಾರಿಗೆ ಮಾರುಕಟ್ಟೆಗೆ ಬಂತು, ಯುದ್ಧಕಾಲದ ಕೃತಕ ರಬ್ಬರಿನ ಸಂಶೋಧನೆಯ ಕೂಸಾಗಿ. ಈಗಿನ ಒಳ್ಳೆಯ ಎಮಲ್ಷನ್ನುಗಳಲ್ಲಿ ಇರುವುದು ಅಕ್ರಿಲಿಕ್.

ಎರಡೂ ಒಣಗುವ ಬಗೆ ಬೇರೆ ಬೇರೆ. ಎಮಲ್ಷನ್ನಿನಲ್ಲಿ ಅಕ್ರಿಲಿಕ್ಕಿನ ಸಣ್ಣ ಸಣ್ಣ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ನೀರು ಆರಿದ ಹಾಗೆ ಅವು ಒಂದಕ್ಕೊಂದು ಒತ್ತಿಕೊಂಡು, ಬೆಸೆದುಕೊಂಡು ಪೊರೆಯಾಗುತ್ತವೆ. ಆ ಪೊರೆ ಮೆತ್ತನೆಯದು, ಬಾಗುವಂಥದ್ದು. ಗೋಡೆಯೊಳಗಿನ ಆವಿ ಹೊರಗೆ ಹೋಗುವಷ್ಟು ಸಂದು ಅದರಲ್ಲಿರುತ್ತದೆ. ಎಣ್ಣೆ ಬಣ್ಣದ ಕತೆ ಬೇರೆ. ಟರ್ಪಂಟೈನ್ ಹಾರಿಹೋದ ಮೇಲೆ ಉಳಿಯುವ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಮುಟ್ಟಿದರೆ ಕೈಗೆ ಅಂಟುವುದಿಲ್ಲ ಅಂದಾಗಲೂ ಆ ಕೆಲಸ ಮುಗಿದಿರುವುದಿಲ್ಲ. ವರ್ಷಾನುಗಟ್ಟಲೆ ಒಳಗೊಳಗೇ ನಡೆಯುತ್ತಿರುತ್ತದೆ. ಹಳೆಯ ಬಾಗಿಲಿನ ಬಿಳಿ ಎನಾಮಲ್ ಹಳದಿಗೆ ತಿರುಗುವುದು, ಪೆಡಸಾಗಿ ಬಿರುಕು ಬಿಡುವುದು ಇದರಿಂದಲೇ. ಬೆಳಕು ತಾಗದ ಕಡೆ ಹಳದಿ ಇನ್ನೂ ಹೆಚ್ಚು. ಬಹುಕಾಲ ಕ್ಯಾಲೆಂಡರು ತೂಗಿದ್ದ ಬಿಳಿಯ ಬಾಗಿಲಿನಿಂದ ಅದನ್ನು ತೆಗೆದು ನೋಡಿ. ಕಾಗದ ಮುಚ್ಚಿದ್ದ ಜಾಗ ಸುತ್ತಲಿನದಕ್ಕಿಂತ ಗಾಢವಾಗಿ ಹಳದಿ ಹಿಡಿದಿರುತ್ತದೆ. ಚಿತ್ರದಲ್ಲಿ ಬರೆದ ಮಲ್ಲಿಗೆಗೂ ಬೆಳ್ಳಕ್ಕಿಗೂ ಅದೇ ಗತಿ.

ಆದರೂ ಎಣ್ಣೆ ಬಣ್ಣದ ಬಗ್ಗೆ ಹಗುರವಾಗಿ ಮಾತಾಡುವುದು ನನ್ನಿಂದಾಗದು. ನಮ್ಮೂರಿನಲ್ಲಿ ಹಿರಿಯ ಬೋರ್ಡ್ ಆರ್ಟಿಸ್ಟ್ ಒಬ್ಬರಿದ್ದಾರೆ. ಅಂಗಡಿ ಬೋರ್ಡು, ಲಾರಿಯ ಹಣೆಪಟ್ಟಿ, ಜಾತ್ರೆಯ ತಗಡಿನ ಫಲಕ ಎಲ್ಲವನ್ನೂ ಎನಾಮಲ್‌ನಲ್ಲೇ ಬರೆದು ಬಾಳಿದವರು. ಉದ್ದ ಕೂದಲಿನ ಕುಂಚವನ್ನು ಡಬ್ಬಿಯಲ್ಲಿ ಅದ್ದಿ, ಅಂಚಿಗೆ ಒರೆಸಿ, ಎಡಗೈಯ ಕೋಲಿನ ಮೇಲೆ ಬಲಗೈ ಊರಿ ಅವರು 'ಶ್ರೀ' ಬರೆಯುವುದನ್ನು ನೋಡಬೇಕು. ಕುಂಚ ಎಲ್ಲಿಯೂ ತಡೆಯುವುದಿಲ್ಲ; ಗೆರೆ ದಪ್ಪಗಾಗಿ, ಸಣ್ಣಗಾಗಿ, ತಿರುಗಿ ಬಂದು ತನ್ನ ಬಾಲವನ್ನು ತಾನೇ ಸೇರುತ್ತದೆ. "ನೋಡಪ್ಪಾ, ನೀರಿನ ಪೇಂಟು ಬ್ರಷ್ಷನ್ನ ಹಿಡಿದು ಎಳೆಯುತ್ತೆ. ಎನಾಮಲ್ಲು ತಾನೇ ಕರ್ಕೊಂಡು ಹೋಗುತ್ತೆ" ಅನ್ನುತ್ತಾರೆ. ಅವರ ಮಾತು ನಿಜ. ಎಣ್ಣೆ ಬಣ್ಣ ನಿಧಾನವಾಗಿ ಆರುವುದರಿಂದ ಕುಂಚದ ಗುರುತುಗಳು ತಾವೇ ಹರಿದು ಸಮವಾಗುತ್ತವೆ. ಸಂಜೆಯ ಆಕಾಶವನ್ನು ಕಿತ್ತಳೆಯಿಂದ ನೇರಳೆಗೆ, ನೇರಳೆಯಿಂದ ಕಡುನೀಲಿಗೆ ಒಂದರೊಳಗೊಂದು ಕರಗಿಸುತ್ತ ಕೂರಲು ಮಧ್ಯಾಹ್ನ ಪೂರ್ತಿ ಸಮಯ ಕೊಡುತ್ತದೆ. ನೆರಳಿನ ಆಳ, ಬಣ್ಣದ ತುಂಬು, ತಿದ್ದಿಕೊಳ್ಳುವ ಅವಕಾಶ, ಎಲ್ಲವೂ ಅದರಲ್ಲಿದೆ.

ಈ ಗುಣಗಳನ್ನೆಲ್ಲ ಒಂದೆಡೆ ಇಟ್ಟು ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಎಣ್ಣೆ ಬಣ್ಣದ ಉಪಕಾರವೆಲ್ಲ ಬರೆಯುವವನಿಗೆ. ಎಮಲ್ಷನ್ನಿನ ಉಪಕಾರವೆಲ್ಲ ಗೋಡೆಗೆ ಮತ್ತು ಆ ಕೋಣೆಯಲ್ಲಿರುವವರಿಗೆ. ಬರೆಯುವವನು ನಾಲ್ಕು ದಿನ ಇದ್ದು ಹೋಗುತ್ತಾನೆ. ಗೋಡೆ ಅಲ್ಲೇ ಇರುತ್ತದೆ, ಮಕ್ಕಳೂ ಅಲ್ಲೇ ಇರುತ್ತಾರೆ. ಒಳಗೋಡೆಯ ಚಿತ್ರಕ್ಕೆ ನಾನು ಎಮಲ್ಷನ್ ಹಿಡಿಯುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ತನ್ನ ಕೈಗೆ ಅನುಕೂಲವೆಂದು ಬಣ್ಣ ಆರಿಸಿಕೊಂಡವರಲ್ಲಿ ಎಲ್ಲರಿಗಿಂತ ದೊಡ್ಡವನು ಲಿಯೊನಾರ್ಡೊ ಡ ವಿಂಚಿ. ಮಿಲಾನಿನ ಸಾಂತಾ ಮಾರಿಯಾ ದೆಲ್ಲೆ ಗ್ರಾತ್ಸಿಯೆ ಮಠದ ಭೋಜನಶಾಲೆಯಲ್ಲಿ ಅವನು 'ಕೊನೆಯ ಭೋಜನ'ವನ್ನು 1495ರ ಸುಮಾರಿಗೆ ಹಿಡಿದು 1498ರ ಹೊತ್ತಿಗೆ ಮುಗಿಸಿದ. ಅಲ್ಲಿನ ರೂಢಿ ಹಸಿ ಸುಣ್ಣದ ಗಾರೆ ಆರುವ ಮುಂಚೆ ಅದರ ಮೇಲೆ ನೀರಿನಲ್ಲಿ ಕಲಸಿದ ಬಣ್ಣ ಹಚ್ಚುವುದು. ಸುಣ್ಣ ಗಟ್ಟಿಯಾಗುವಾಗ ಬಣ್ಣವನ್ನೂ ತನ್ನೊಳಗೆ ಹಿಡಿದುಕೊಳ್ಳುತ್ತದೆ. ಆದರೆ ಆ ವಿಧಾನ ಅವಸರದ್ದು. ಆ ದಿನದ ಗಾರೆ ಆ ದಿನವೇ ಮುಗಿಯಬೇಕು. ಲಿಯೊನಾರ್ಡೊ ನಿಂತು ನೋಡುವವನು, ಮತ್ತೆ ಮತ್ತೆ ತಿದ್ದುವವನು. ಆದ್ದರಿಂದ ಒಣಗೋಡೆಯ ಮೇಲೆ ಮೊಟ್ಟೆ ಮತ್ತು ಎಣ್ಣೆಯ ಬಣ್ಣಗಳಲ್ಲಿ ಬರೆದ. ಗೋಡೆ ತೇವ ಹಿಡಿಯುವಂಥದ್ದು. 1517ರಲ್ಲಿ, ಅವನು ಇನ್ನೂ ಬದುಕಿದ್ದಾಗಲೇ, ಚಿತ್ರ ಕೆಡತೊಡಗಿದ್ದನ್ನು ನೋಡಿದವರು ಬರೆದಿಟ್ಟಿದ್ದಾರೆ. ಆಮೇಲೆ ಶತಮಾನಗಳುದ್ದಕ್ಕೂ ಅದಕ್ಕೆ ತೇಪೆ ಹಾಕುವುದೇ ಆಯಿತು. 1999ರಲ್ಲಿ ಮುಗಿದ ಕೊನೆಯ ದೊಡ್ಡ ದುರಸ್ತಿಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಂಥ ಕೈಯ ಕೆಲಸವನ್ನೇ ಗೋಡೆ ಉಳಿಸಿಕೊಳ್ಳಲಿಲ್ಲ ಎನ್ನುವುದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಮ್ಮ ಸಿಮೆಂಟ್ ಗೋಡೆಗೂ ಎಣ್ಣೆಗೂ ಆಗಿಬರದಿರುವುದಕ್ಕೆ ಇನ್ನೊಂದು ಕಾರಣವಿದೆ. ಹೊಸ ಗಾರೆ ತೀರ ಕ್ಷಾರ. ತೇವ ಇರುವವರೆಗೂ ಆ ಕ್ಷಾರ ಎಣ್ಣೆಯ ಜೊತೆ ಸೇರಿ ಅದನ್ನು ಸಾಬೂನು ಮಾಡಿಬಿಡುತ್ತದೆ. ಸಾಬೂನು ಕಾರ್ಖಾನೆಯಲ್ಲಿ ನಡೆಯುವುದೂ ಇದೇ ಕ್ರಿಯೆ. ಆಗ ಬಣ್ಣದ ಹಿಂಬದಿ ಜಿಗುಟಾಗಿ, ಹಿಡಿತ ಸಡಿಲಾಗಿ, ಹಾಳೆ ಹಾಳೆಯಾಗಿ ಏಳುತ್ತದೆ. ಅಕ್ರಿಲಿಕ್ ಈ ಕ್ಷಾರಕ್ಕೆ ಸುಲಭವಾಗಿ ಸೋಲುವುದಿಲ್ಲ. ಹಾಗಂತ ಗಾರೆ ಮಾಡಿದ ಮರುವಾರವೇ ಬರೆಯಬಹುದೆಂದಲ್ಲ. ತಿಂಗಳಾದರೂ ಆರಲು ಬಿಡಬೇಕು, ಮಲೆನಾಡಿನ ಮಳೆಗಾಲವಾದರೆ ಇನ್ನೂ ಹೆಚ್ಚು.

ನಮ್ಮ ಸಾಗರದ ಕಡೆ ಜೂನ್‌ನಲ್ಲಿ ಹಿಡಿದ ಮಳೆಗೆ ಗೋಡೆಗಳು ನೀರು ಕುಡಿದು ನಿಲ್ಲುತ್ತವೆ. ಬಿಸಿಲು ಬಂದಾಗ ಆ ನೀರು ಒಳಕ್ಕೂ ಹೊರಕ್ಕೂ ದಾರಿ ಹುಡುಕುತ್ತದೆ. ಒಳಬದಿಗೆ ಎನಾಮಲ್ ಬಳಿದಿದ್ದರೆ ಆ ಗೋಡೆ ಬೆವರುತ್ತಿರುವಾಗ ಪ್ಲಾಸ್ಟಿಕ್ ಕೋಟು ತೊಟ್ಟವನ ಹಾಗೆ. ಅಂಥ ಒಂದು ತರಗತಿಯ ಗೋಡೆಯನ್ನು ಹತ್ತಿರದಿಂದ ನೋಡಿದ್ದೇನೆ. ಯಾರೋ ಬಹಳ ಪ್ರೀತಿಯಿಂದ ಕಡಲು, ದೋಣಿ, ಮೀನು ಬರೆದಿದ್ದರು. ಎಲ್ಲ ಹೊಳೆಯುವ ಆಯಿಲ್ ಪೇಂಟು. ಕಿಟಕಿಯ ಕೆಳಗಿನ ನೀಲಿಯಲ್ಲಿ ನಾಣ್ಯದಗಲದ ಗುಳ್ಳೆಗಳು ಎದ್ದಿದ್ದವು. ಒಂದನ್ನು ಉಗುರಿನಿಂದ ಒತ್ತಿದೆ. ಬಣ್ಣ ಚಿಪ್ಪಿನ ಹಾಗೆ ಒಡೆಯಿತು, ಹಿಂದಿನಿಂದ ಬಿಳಿಯ ಉಪ್ಪಿನ ಪುಡಿ ಉದುರಿತು. ಗಾರೆಯೊಳಗಿನ ಉಪ್ಪನ್ನು ನೀರು ಹೊತ್ತು ತಂದು ಬಣ್ಣದ ಬೆನ್ನಿಗೆ ಪೇರಿಸಿತ್ತು. ಎರಡನೆಯ ಸಾಲಿನ ಹುಡುಗಿಯೊಬ್ಬಳು, "ಸರ್, ಆ ಮೀನು ಮೊನ್ನೆ ಬಿದ್ದುಹೋಯ್ತು" ಅಂದಳು.

ಉಸಿರಾಡುವ ಗೋಡೆಗೆ ಮುಚ್ಚಳ ಹಾಕಿದ್ದರ ದೊಡ್ಡ ಉದಾಹರಣೆ ಅಜಂತಾದ್ದು. 1920-22ರಲ್ಲಿ ನಿಜಾಮರ ಸರ್ಕಾರ ಇಟಲಿಯಿಂದ ಕರೆಸಿದ ತಜ್ಞರು ಅಲ್ಲಿನ ಚಿತ್ರಗಳು ಉದುರದಿರಲೆಂದು ಅರಗಿನ ವಾರ್ನಿಷ್ ಹಚ್ಚಿದರು. ಉದ್ದೇಶ ಒಳ್ಳೆಯದೇ. ಆದರೆ ಆ ಪದರ ಹಳದಿಯಾಗಿ, ಧೂಳು ಹೊಗೆಯನ್ನು ಹಿಡಿದು, ಬಣ್ಣಗಳನ್ನು ಮಂಕು ಮಾಡಿತು. ಅದನ್ನು ಕರಗಿಸಿ ತೆಗೆಯುವುದೇ ಮುಂದೆ ಪುರಾತತ್ತ್ವ ಇಲಾಖೆಯ ರಸಾಯನಶಾಸ್ತ್ರಜ್ಞರಿಗೆ ದೀರ್ಘಕಾಲದ ಕೆಲಸವಾಯಿತು.

ಗೋಡೆಯ ಮಾತು ಇಷ್ಟಾಯಿತು. ಇನ್ನು ಕೋಣೆಯೊಳಗಿನವರ ಮಾತು. ಎನಾಮಲ್ ಹಚ್ಚಿದ ಕೋಣೆಯ ವಾಸನೆ ಎಲ್ಲರಿಗೂ ಗೊತ್ತು. ಟರ್ಪಂಟೈನ್ ಆವಿಗೆ ತಲೆ ಸಿಡಿಯುತ್ತದೆ, ಕಣ್ಣು ಉರಿಯುತ್ತದೆ. ದಮ್ಮಿನ ತೊಂದರೆ ಇರುವ ಮಗುವಿಗೆ ಆ ಕೋಣೆಯಲ್ಲಿ ಕೂರಲಾಗದು. ಎಮಲ್ಷನ್ನಿಗೂ ಸ್ವಲ್ಪ ವಾಸನೆ ಉಂಟು, ಆದರೆ ಕಿಟಕಿ ತೆರೆದಿಟ್ಟರೆ ಬಹುಪಾಲು ಬೇಗ ಹೋಗುತ್ತದೆ. ಕುಂಚ ತೊಳೆಯಲು ನೀರು ಸಾಕು. ಎಣ್ಣೆ ಬಣ್ಣದ ಕೆಲಸದಲ್ಲಾದರೆ, ಅಗಸೆ ಎಣ್ಣೆಯಲ್ಲಿ ನೆನೆದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆರುವಾಗ ಹುಟ್ಟುವ ಶಾಖಕ್ಕೆ ತಾನೇ ಹೊತ್ತಿಕೊಳ್ಳಬಹುದು; ಪುಸ್ತಕಗಳಿರುವ ಕೋಣೆಯಲ್ಲಿ ಅಂಥ ಬಟ್ಟೆ ಇರುವುದೇ ಬೇಡ.

ಇದಕ್ಕಿಂತ ಗಂಭೀರವಾದದ್ದು ಸೀಸ. ಎನಾಮಲ್‌ನ ಆ ಕಣ್ಸೆಳೆಯುವ ಹಳದಿ, ಕಿತ್ತಳೆ ಬಣ್ಣಗಳು ಬಹುಕಾಲ ಸೀಸದ ಕ್ರೋಮೇಟಿನಿಂದ ಬರುತ್ತಿದ್ದವು. ಸೀಸ ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಗ್ಗಿಸುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಕಲಿಸಿದ ಡಾ. ತುಪ್ಪಿಲ್ ವೆಂಕಟೇಶ್ ಈ ವಿಷದ ಬಗ್ಗೆ ದೇಶಕ್ಕೆಲ್ಲ ತಿಳಿಹೇಳುವುದನ್ನೇ ತಮ್ಮ ಬಾಳಿನ ಕೆಲಸ ಮಾಡಿಕೊಂಡವರು. 2016ರಲ್ಲಿ ಕೇಂದ್ರ ಸರ್ಕಾರ ನಿಯಮ ಹೊರಡಿಸಿತು. 2017ರ ನವೆಂಬರ್ 1ರಿಂದ ಮನೆಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 90 ಪಾಲು, ಮೀರುವಂತಿಲ್ಲ. ಡಬ್ಬಿಯ ಮೇಲೆ ಅದು ಬರೆದಿದೆಯೇ ಎಂದು ನೋಡಿಯೇ ಕೊಳ್ಳಬೇಕು. ಹಳೆಯ ಶಾಲೆಯ ಗೋಡೆಯಲ್ಲಿ ಹಿಂದೆ ಬಳಿದ ಎನಾಮಲ್ ಇದ್ದರೆ ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಲೇಬಾರದು. ನೀರು ಹಚ್ಚಿ, ಒದ್ದೆ ಮಾಡಿಕೊಂಡೇ ಸ್ಯಾಂಡ್‌ಪೇಪರ್ ಆಡಿಸಬೇಕು, ಮಕ್ಕಳನ್ನು ಆ ಕಡೆ ಬಿಡಬಾರದು, ಉದುರಿದ್ದನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು.

ನೀರಿನ ಬಣ್ಣ ನಮಗೆ ಪೇಂಟ್ ಕಂಪನಿಗಳು ಕೊಟ್ಟ ಹೊಸ ಸಂಗತಿಯೇನಲ್ಲ. ಸಾಗರ, ಸೊರಬದ ಕಡೆಯ ದೀವರ ಹೆಂಗಸರು ಮನೆಯ ಗೋಡೆಗೆ ಕೆಮ್ಮಣ್ಣು ಸಾರಿಸಿ ಅದರ ಮೇಲೆ ಹಸೆ ಚಿತ್ತಾರ ಬರೆಯುತ್ತ ಬಂದಿದ್ದಾರೆ. ಬಿಳಿಗೆ ಅಕ್ಕಿ ಅರೆದ ಹಿಟ್ಟು, ಕಪ್ಪಿಗೆ ಹುರಿದು ಕರಿಯಾದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿ ನಾರು. ಅಕ್ಕಿಯ ಗಂಜಿಯೇ ಅಲ್ಲಿ ಅಂಟು. ಮದುವೆಗೆಂದು ಬರೆದ ಆ ಚಿತ್ತಾರದ ಮುಂದೆಯೇ ಮದುಮಕ್ಕಳು ಕೂರುವುದು. ಒಬ್ಬ ಅಜ್ಜಿ ನಾರಿನ ಕುಂಚದಿಂದ ಗೆರೆ ಎಳೆಯುವುದನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಅವರು ಬಣ್ಣ ಕರಗಿಸಿ ನೆರಳು ತರಲು ಹೋಗುವುದಿಲ್ಲ. ಗೆರೆಯ ಪಕ್ಕ ಗೆರೆ, ಅದರ ಪಕ್ಕ ಇನ್ನೊಂದು; ನಡುವೆ ಬಿಟ್ಟ ಕೆಮ್ಮಣ್ಣಿನ ಸಂದಿಯೇ ಚಿತ್ರಕ್ಕೆ ಜೀವ. ಬೇಗ ಆರುವ ಬಣ್ಣಕ್ಕೆ ತಕ್ಕ ಕೈಯನ್ನು ಅವರು ತಲೆಮಾರುಗಳಿಂದ ಪಳಗಿಸಿಕೊಂಡಿದ್ದಾರೆ. ಎಮಲ್ಷನ್ನಿನಲ್ಲಿ ಬರೆಯುವವರು ಕಲಿಯಬೇಕಾದದ್ದು ಅವರ ಹತ್ತಿರ ಎಂದು ನನಗೆ ಆಗ ಹೊಳೆಯಿತು.

ಈಚೆಗೆ ಒಂದು ಸರ್ಕಾರಿ ಶಾಲೆಯ ಗ್ರಂಥಾಲಯದಲ್ಲಿ ಹಲಸಿನ ಮರ ಬರೆದೆ. ಮೊದಲ ದಿನ ಗೋಡೆಯನ್ನು ನೋಡುವುದರಲ್ಲೇ ಕಳೆಯಿತು. ಅಂಗೈಯಿಂದ ಒರೆಸಿದೆ, ಬಿಳಿ ಪುಡಿ ಹತ್ತಿತು. ಅಂದರೆ ಹಳೆಯ ಡಿಸ್ಟೆಂಪರ್, ಅದನ್ನು ತೊಳೆದು ತೆಗೆಯದೆ ಏನನ್ನು ಹಚ್ಚಿದರೂ ನಿಲ್ಲದು. ಕೆಳಗಿನ ಮೂರಡಿ ಮಾತ್ರ ಹೊಳೆಯುತ್ತಿತ್ತು. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಉಜ್ಜಿದೆ. ಎಮಲ್ಷನ್ ಆಗಿದ್ದರೆ ಮೆತ್ತಗಾಗಿ ಹತ್ತಿಗೆ ಬಣ್ಣ ಬರುತ್ತಿತ್ತು. ಬರಲಿಲ್ಲ, ಆದ್ದರಿಂದ ಅದು ಆಯಿಲ್ ಪೇಂಟ್. ಆ ನುಣುಪಿನ ಮೇಲೆ ನೀರಿನ ಬಣ್ಣ ನೇರವಾಗಿ ಹಿಡಿಯದು. ಒದ್ದೆಯಾಗಿ ಉಜ್ಜಿ ಹೊಳಪು ಕಳೆದು, ಹಿಡಿತ ಕೊಡುವ ಪ್ರೈಮರ್ ಹೊಡೆದದ್ದಾಯಿತು. ಕಿಟಕಿಯ ಪಕ್ಕ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ರಾತ್ರಿ ಬಿಟ್ಟೆ. ಬೆಳಿಗ್ಗೆ ಹಾಳೆಯ ಒಳಬದಿಯಲ್ಲಿ ಹನಿ ಇರಲಿಲ್ಲ. ಗೋಡೆ ಒಣಗಿದೆ ಎಂದು ಧೈರ್ಯ ಬಂತು.

ಬರೆಯುವಾಗ ಎಮಲ್ಷನ್ ಕಲಿಸುವ ಪಾಠಗಳು ಹಲವು. ಒದ್ದೆ ಇರುವಾಗ ತಿಳಿಯಾಗಿ ಕಂಡ ಬಣ್ಣ ಆರಿದ ಮೇಲೆ ಗಾಢವಾಗುತ್ತದೆ. ಅದಕ್ಕೆ ಪ್ರತಿ ಬಣ್ಣವನ್ನೂ ಮೊದಲು ಒಂದು ಚೂರು ಕಾಗದಕ್ಕೆ ಹಚ್ಚಿ, ಆರಿಸಿ, ಗೋಡೆಗೆ ಹಿಡಿದು ನೋಡುತ್ತೇನೆ. ಕಲಸಿದ ಹಸಿರು ನಡುವೆ ಮುಗಿದುಹೋದರೆ ಮತ್ತೆ ಅದೇ ಹಸಿರು ಬರುವುದು ಕಷ್ಟ. ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಕಲಸಿ ಮುಚ್ಚಳವಿರುವ ಹಾರ್ಲಿಕ್ಸ್ ಬಾಟಲಿಯಲ್ಲಿಡುತ್ತೇನೆ. ಬಿಳಿ ಎಮಲ್ಷನ್ನಿಗೆ ಸ್ಟೇನರ್ ಬಾಟಲಿಯಿಂದ ಹನಿಸಿದರೆ ಬರುವುದು ತಿಳಿ ಬಣ್ಣಗಳೇ. ಗಾಢ ಬಣ್ಣ ಬರಲೆಂದು ಸ್ಟೇನರನ್ನೇ ಸುರಿದರೆ ಬಣ್ಣ ಸರಿಯಾಗಿ ಆರುವುದಿಲ್ಲ. ಹಲಸಿನ ತೊಗಟೆಯ ಕಡುಕಂದಿಗೆ, ಎಲೆಯ ಕಪ್ಪು ಹಸಿರಿಗೆ ಅಂಗಡಿಯ ಮೆಷಿನ್ನಿನಲ್ಲಿ ಗಾಢ ಬೇಸಿನಿಂದ ಕಲಸಿಸಬೇಕು, ಇಲ್ಲವೇ ಕಲಾವಿದರು ಬಳಸುವ ಅಕ್ರಿಲಿಕ್ ತರಬೇಕು.

ಬಣ್ಣ ಕರಗಿಸುವ ಕೆಲಸ ಇಲ್ಲಿ ಆಗುವುದೇ ಇಲ್ಲವೆಂದಲ್ಲ. ಬೆಳಗಿನ ತಂಪಿನಲ್ಲಿ, ಫ್ಯಾನ್ ಆಫ್ ಮಾಡಿ, ಗೋಡೆಯನ್ನು ಸ್ಪಂಜಿನಿಂದ ತುಸು ಒದ್ದೆ ಮಾಡಿಕೊಂಡು ಎರಡು ಕುಂಚ ಹಿಡಿದರೆ ಒಂದು ಮೊಳದಷ್ಟು ಆಕಾಶ ಚೆನ್ನಾಗಿ ಬೆರೆಯುತ್ತದೆ. ಕಲಬುರಗಿಯ ಏಪ್ರಿಲ್‌ನಲ್ಲಾದರೆ ಅಷ್ಟೂ ಆಗದು. ಕುಂಚ ಎತ್ತುವಷ್ಟರಲ್ಲಿ ಆರಿರುತ್ತದೆ. ಆಗ ತೆಳು ಪದರಗಳ ದಾರಿ. ನೀರಾಗಿ ಮಾಡಿದ ಬಣ್ಣವನ್ನು ಒಂದರ ಮೇಲೊಂದು ಹಚ್ಚುತ್ತ ಹೋದರೆ ಕೆಳಗಿನದು ಮೇಲಿನದರ ಮೂಲಕ ಇಣುಕುತ್ತದೆ. ಹಲಸಿನ ಎಲೆಗೆ ಮೊದಲು ಹಳದಿ ಹಚ್ಚಿದೆ, ಅದರ ಮೇಲೆ ತಿಳಿ ಹಸಿರು, ಅದರ ಮೇಲೆ ಸಣ್ಣ ಗೆರೆಗಳಲ್ಲಿ ಕಡುಹಸಿರು. ಪ್ರತಿ ಪದರವೂ ಬೇಗನೆ ಆರುತ್ತಿದ್ದುದರಿಂದ ಬೆಳಿಗ್ಗೆ ಹಿಡಿದ ಕೊಂಬೆಗೆ ಸಂಜೆಯೊಳಗೆ ಎಲೆ ತುಂಬಿತು. ಎಣ್ಣೆಯಾಗಿದ್ದರೆ ಒಂದೊಂದು ಪದರಕ್ಕೂ ಒಂದೊಂದು ರಾತ್ರಿ ಕಾಯಬೇಕಿತ್ತು, ಅಷ್ಟು ದಿನ ಮಕ್ಕಳಿಗೆ ಗ್ರಂಥಾಲಯದ ಬಾಗಿಲು ಮುಚ್ಚಿರುತ್ತಿತ್ತು. ಕೊನೆಗೆ ಮಕ್ಕಳ ಕೈ ತಾಗುವ ಎತ್ತರದವರೆಗೆ ನೀರಿನದೇ ಆದ, ಹೊಳಪಿಲ್ಲದ ಅಕ್ರಿಲಿಕ್ ವಾರ್ನಿಷ್ ಹಚ್ಚಿದರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಹೊಳಪಿಲ್ಲದ್ದೇ ಬೇಕು. ಹೊಳೆಯುವ ಗೋಡೆಯಲ್ಲಿ ಟ್ಯೂಬ್‌ಲೈಟ್ ಬಿದ್ದು, ಬಾಗಿಲ ಬಳಿ ಕೂತ ಮಗುವಿಗೆ ಚಿತ್ರದ ಬದಲು ಬೆಳಕಿನ ಪಟ್ಟೆಯೇ ಕಾಣುತ್ತದೆ.

ಆ ಬೋರ್ಡ್ ಆರ್ಟಿಸ್ಟ್ ಹಿರಿಯರನ್ನು ಮರದ ಕೆಳಗೆ ಶಾಲೆಯ ಹೆಸರು ಬರೆಯಲು ಕರೆದಿದ್ದೆ. ಎಮಲ್ಷನ್ನಿಗೆ ಸ್ವಲ್ಪ ನೀರು, ಬೇಗ ಆರದಂತೆ ತಡೆಯುವ ಅಕ್ರಿಲಿಕ್ ರಿಟಾರ್ಡರ್ ನಾಲ್ಕು ಹನಿ ಹಾಕಿಕೊಟ್ಟೆ. ಎರಡು ಅಕ್ಷರ ಬರೆದು ನಿಂತರು, ಬಣ್ಣಕ್ಕೆ ಇನ್ನೊಂದಿಷ್ಟು ನೀರು ಸೇರಿಸಿಕೊಂಡರು, ಕುಂಚವನ್ನು ಚಿಕ್ಕದಕ್ಕೆ ಬದಲಾಯಿಸಿದರು. ಮೂರನೆಯ ಅಕ್ಷರದಿಂದ ಗೆರೆ ಹರಿಯತೊಡಗಿತು. "ಎರಡು ಕೋಟು ಬೇಕಾಗುತ್ತೆ ಕಣಪ್ಪಾ, ಆದ್ರೆ ವಾಸನೆ ಇಲ್ಲ, ಮಕ್ಕಳು ಇಲ್ಲೇ ಕೂತಿರಬಹುದು" ಅಂದರು. ನಿಜಕ್ಕೂ ಮಕ್ಕಳು ಅಲ್ಲೇ ಕೂತಿದ್ದರು, ಒಂದೊಂದು ಅಕ್ಷರ ಮೂಡಿದಂತೆ ಗಟ್ಟಿಯಾಗಿ ಓದುತ್ತ.

ಎಣ್ಣೆಯ ಆಳವೇ ಬೇಕು ಎನ್ನುವ ಚಿತ್ರಗಳೂ ಇವೆ. ಅದಕ್ಕೆ ಮೈಸೂರು ಅರಮನೆಯ ಕಲ್ಯಾಣ ಮಂಟಪ ಒಳ್ಳೆಯ ದಾರಿ ತೋರಿಸಿದೆ. ಅಲ್ಲಿ ಗೋಡೆಗಳ ಉದ್ದಕ್ಕೂ ಸಾಗುವ ದಸರಾ ಮೆರವಣಿಗೆ, ಆ ಆನೆಯ ಜೂಲು, ಪೇಟದ ಜರಿ, ಸಾಲು ನಿಂತ ಜನರ ಮುಖ, ಎಲ್ಲವೂ ಎಣ್ಣೆ ಬಣ್ಣದ್ದೇ. ಆದರೆ ಬರೆದಿರುವುದು ಕ್ಯಾನ್ವಾಸಿನ ಮೇಲೆ. ಎಣ್ಣೆಗೂ ಗಾರೆಗೂ ನೇರ ಸಂಬಂಧ ಬೀಳದಂತೆ ನಡುವೆ ಬಟ್ಟೆ ಇದೆ. ಎಣ್ಣೆ ಬೇಕೆಂಬವರು ಹೀಗೆ ಬಟ್ಟೆಗೋ ಮರದ ಹಲಗೆಗೋ ಬರೆದು, ಗಾಳಿಯಾಡುವ ಕಡೆ ಪೂರ್ತಿ ಆರಿಸಿ, ಆಮೇಲೆ ಕೋಣೆಗೆ ತಂದು ಕೂರಿಸಲಿ. ಮರ, ಕಬ್ಬಿಣ, ತಗಡಿಗೆ ಎನಾಮಲ್ ಇಂದಿಗೂ ತಕ್ಕ ಬಣ್ಣ.

ಕೊನೆಯದಾಗಿ ಒಂದು ಮಾತು, ನಮ್ಮ ನಂತರ ಬರುವವರ ಕುರಿತು. ಗೋಡೆಯ ಚಿತ್ರ ಯಾವತ್ತೂ ಒಬ್ಬನ ಕೈಯಲ್ಲೇ ಮುಗಿಯುವುದಿಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ 1784ರ ಕಟ್ಟಡ. ಅದರ ಗೋಡೆಯ ಪೊಳ್ಳಿಲೂರು ಯುದ್ಧದ ಚಿತ್ರವನ್ನು ಬ್ರಿಟಿಷ್ ಸೇನಾಧಿಕಾರಿ ವೆಲ್ಲೆಸ್ಲಿ ಅಲ್ಲಿ ವಾಸವಿದ್ದಾಗ ಒಮ್ಮೆ, ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ 1855ರಲ್ಲಿ ಇನ್ನೊಮ್ಮೆ ಸರಿಪಡಿಸಿ ಬರೆಸಿದರು. ಶಾಲೆಯ ಗೋಡೆಗೂ ಅದೇ ನ್ಯಾಯ. ಹತ್ತು ವರ್ಷದ ಮೇಲೆ ಇನ್ನೊಬ್ಬ ಮೇಷ್ಟರು ಬರುತ್ತಾರೆ, ಅವರ ಮಕ್ಕಳಿಗೆ ಹಲಸಿನ ಬದಲು ಚಂದ್ರಯಾನ ಬೇಕಾಗುತ್ತದೆ. ಎಮಲ್ಷನ್ ಗೋಡೆಯನ್ನು ತೊಳೆದು, ಒಂದು ಕೋಟು ಹೊಡೆದು ಅವರು ಆ ವಾರವೇ ಹೊಸದನ್ನು ಬರೆಯಬಹುದು. ಎನಾಮಲ್ ಗೋಡೆಯಾದರೆ ಅವರ ಅರ್ಧ ಶ್ರಮ ನಾವು ಬಿಟ್ಟುಹೋದ ಹೊಳಪನ್ನು ಉಜ್ಜಿ ತೆಗೆಯುವುದಕ್ಕೇ ಹೋಗುತ್ತದೆ. ಆದ್ದರಿಂದ ಶಾಲಾಭಿವೃದ್ಧಿ ಸಮಿತಿಯವರಲ್ಲಿ, ಅಂಗನವಾಡಿ ಕಾರ್ಯಕರ್ತೆಯರಲ್ಲಿ, ಮನೆಯಲ್ಲಿ ಮಕ್ಕಳ ಕೋಣೆಗೆ ಚಿತ್ರ ಬರೆಸುವ ತಾಯಿ ತಂದೆಯರಲ್ಲಿ ನನ್ನ ವಿನಂತಿ ಇಷ್ಟೆ: ಚಿತ್ರದ ನಕ್ಷೆ ನೋಡುವಷ್ಟೇ ಆಸ್ಥೆಯಿಂದ ಬಣ್ಣದ ಡಬ್ಬಿಯನ್ನೂ ನೋಡಿ, ಗೋಡೆಯನ್ನು ಮುಟ್ಟಿ ನೋಡಿ. ಗೋಡೆ ಆರಿರಲಿ, ಬಣ್ಣ ನೀರಿನದಾಗಿರಲಿ, ಸೀಸವಿಲ್ಲದ್ದಾಗಿರಲಿ. ಬರೆಯುವ ನಾವು ನಮ್ಮ ಕೈಯನ್ನು ಅದಕ್ಕೆ ಒಗ್ಗಿಸಿಕೊಳ್ಳುತ್ತೇವೆ. ಅದು ನಮ್ಮ ಕೆಲಸ.